ಹಸಿರು ಎಳೆಯೆಲ್ಲ ಸ್ಪೈರೋಗೈರಾ ಅಲ್ಲ: ಪಾಚಿ ಡೈರಿ, ಆರನೇ ವಾರ

ಈ ವಾರ ಮೈಕ್ರೋಸ್ಕೋಪಿನಲ್ಲಿ ನೋಡಲು ಹೊಸ ನೀರು ತರಲಿಲ್ಲ. ಹಳೇ ಬಾಟಲಿಗಳನ್ನೇ ಮತ್ತೆ ನೋಡಿದೆ.

ಭಾನುವಾರ ನೋಟ್‌ಬುಕ್ ತಿರುವಿ ಹಾಕುತ್ತಿದ್ದೆ. ಐದು ವಾರದಲ್ಲಿ 11 ಕಡೆ ‘ಸ್ಪೈರೋಗೈರಾ’ (ಎಳೆಯಂಥ ಒಂದು ಹಸಿರು ಪಾಚಿ) ಅಂತ ಬರೆದಿದ್ದೇನೆ. ಚಿತ್ರ ಬಿಡಿಸಿರುವುದು ನಾಲ್ಕಕ್ಕೆ ಮಾತ್ರ. ಉಳಿದ ಏಳರ ಪಕ್ಕದಲ್ಲಿ ‘ಕವಲಿಲ್ಲದ ಹಸಿರು ಎಳೆ’ ಅಂತಷ್ಟೇ ಇದೆ. ಕವಲಿಲ್ಲದ ಹಸಿರು ಎಳೆ ಎಷ್ಟೋ ಪಾಚಿಗಳಿಗಿದೆ, ಅಲ್ವಾ? ಆ ಏಳೂ ಬಂದಿದ್ದು ಮೂರು ಬಾಟಲಿಗಳಿಂದ. ಮೂರನ್ನೂ ಮುಚ್ಚಳ ಸಡಿಲ ಮಾಡಿ ಕಿಟಕಿ ಪಕ್ಕ ಇಟ್ಟಿದ್ದೆ. ಎಳೆಗಳು ಇನ್ನೂ ಹಸಿರಾಗಿವೆ. ಹಾಗಾಗಿ ಒಂದೊಂದನ್ನೇ ಮೊದಲಿನಿಂದ ನೋಡೋಣ ಅಂತ ಕೂತೆ.

ಒಂದನೇ ಬಾಟಲಿ

ಎರಡು ಬೆರಳ ನಡುವೆ ಹಿಡಿದರೆ ನಿಲ್ಲುವುದೇ ಇಲ್ಲ, ಜಾರಿ ಹೋಗುತ್ತದೆ. ಎಳೆಯ ಸುತ್ತ ಲೋಳೆಯ ಪದರ ಇರುವುದರಿಂದ ಹೀಗೆ. ಹತ್ತರ ಲೆನ್ಸ್‌ನಲ್ಲೇ ಹಸಿರು ಪಟ್ಟಿ ಸ್ಪ್ರಿಂಗ್ ಥರ ಸುತ್ತಿಕೊಂಡಿರುವುದು ಕಂಡಿತು. ಇದು ಸ್ಪೈರೋಗೈರಾನೇ.

ಆದರೆ ಇಲ್ಲೂ ಒಂದು ತಪ್ಪು ಸಿಕ್ಕಿತು. ಒಂದು ಕೋಶದಲ್ಲಿ ಎರಡು ಪಟ್ಟಿ ಅಂತ ಮೊದಲು ಬರೆದಿದ್ದೆ. ಪಟ್ಟಿಗಳು ಕತ್ತರಿ ಹಾಕಿದ ಹಾಗೆ ಒಂದರ ಮೇಲೊಂದು ಹಾದು ಹೋಗುವುದು ಕಾಣುತ್ತಿತ್ತಲ್ಲ, ಅದಕ್ಕೆ. ಈ ಸಲ ನಲವತ್ತರ ಲೆನ್ಸ್ ಹಾಕಿ, ಫೋಕಸ್ ತಿರುಪನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಮೇಲಿನ ಸುತ್ತು ಸ್ಪಷ್ಟವಾಗಿ ಬಂತು, ಮಸುಕಾಯಿತು, ಆಮೇಲೆ ಕೆಳಗಿನ ಸುತ್ತು ಬಂತು. ಒಂದೇ ಪಟ್ಟಿ! ಅದರ ಮುಂಭಾಗ, ಹಿಂಭಾಗ ಎರಡೂ ಒಟ್ಟಿಗೆ ಕಂಡು ಎರಡು ಅನ್ನಿಸಿತ್ತು. ಸ್ಪೈರೋಗೈರಾ ಜಾತಿಗಳಲ್ಲಿ ಒಂದೇ ಪಟ್ಟಿ ಇರುವವೂ ಇವೆ, ಹತ್ತಕ್ಕಿಂತ ಜಾಸ್ತಿ ಇರುವವೂ ಇವೆ. ಹಾಗಾಗಿ ಈ ಎಣಿಕೆ ಸರಿಯಾಗಿ ಬರಲೇಬೇಕು.

ಆಮೇಲೆ ಅಯೋಡಿನ್. ಕವರ್ ಸ್ಲಿಪ್‌ನ ಒಂದು ಅಂಚಿಗೆ ಸಣ್ಣ ಹನಿ ಇಟ್ಟು, ಎದುರು ಅಂಚಿಗೆ ಟಿಶ್ಯೂ ಕಾಗದ ತಾಗಿಸಿದೆ. ಕಾಗದ ನೀರು ಹೀರುತ್ತಿದ್ದಂತೆ ಕಂದು ಬಣ್ಣ ಮೆಲ್ಲಗೆ ಒಳಗೆ ಹರಿದು ಬಂತು. ಹಸಿರು ಪಟ್ಟಿಯ ಉದ್ದಕ್ಕೂ ಕಡುನೀಲಿ ಚುಕ್ಕಿಗಳು, ದಾರಕ್ಕೆ ಮಣಿ ಪೋಣಿಸಿದ ಹಾಗೆ. ಅವು ಪೈರಿನಾಯ್ಡ್‌ಗಳು, ಅಂದರೆ ಹಸಿರು ಪಟ್ಟಿಯೊಳಗಿನ ಪ್ರೋಟೀನ್ ಗುಳಿಗೆಗಳು. ಅವುಗಳ ಸುತ್ತ ಪಿಷ್ಟ ಕೂಡಿಕೊಂಡಿರುತ್ತದೆ, ನೀಲಿಯಾಗುವುದು ಆ ಪಿಷ್ಟವೇ. ಕೋಶದ ನಟ್ಟನಡುವೆ ತೆಳುವಾದ ನೂಲುಗಳಲ್ಲಿ ತೂಗುಹಾಕಿದಂತೆ ಒಂದು ಹಳದಿ ಮಿಶ್ರಿತ ಕಂದು ಉಂಡೆಯೂ ಕಂಡಿತು. ಕೋಶಕೇಂದ್ರ! ಐದು ವಾರದಿಂದ ಇದೇ ಎಳೆ ನೋಡುತ್ತಿದ್ದರೂ ಅದನ್ನು ಸ್ಪಷ್ಟವಾಗಿ ನೋಡಿದ್ದು ಇವತ್ತೇ. ತುಂಬಾ ಹೊತ್ತು ಅದನ್ನೇ ನೋಡುತ್ತ ಕೂತಿದ್ದೆ.

ಎರಡನೇ ಬಾಟಲಿ

ಬೆರಳಿಗೆ ಅಷ್ಟು ಜಾರುವುದಿಲ್ಲ, ಸ್ವಲ್ಪ ಒರಟು. ಸುತ್ತು ಪಟ್ಟಿ ಇಲ್ಲ, ಬದಲಿಗೆ ಕೋಶದ ಗೋಡೆಗೆ ಒಳಗಿನಿಂದ ಹಸಿರು ಬಲೆ ಹೊದಿಸಿದಂತಿದೆ. ಅಯೋಡಿನ್‌ಗೆ ಇದೂ ನೀಲಿಯಾಯಿತು. ಪಿಷ್ಟ ಇದೆ, ಅಂದರೆ ಹಸಿರು ಪಾಚಿಯೇ. ಆದರೆ ಯಾವುದು?

ಉತ್ತರ ಸಿಕ್ಕಿದ್ದು ಕೋಶಗಳ ತುದಿಯಲ್ಲಿ. ಕೆಲವು ಕೋಶಗಳ ಒಂದು ತುದಿಗೆ ಮಾತ್ರ, ಒತ್ತೊತ್ತಾಗಿ ಬಳೆ ತೊಡಿಸಿದಂತೆ ಸಣ್ಣ ಗೆರೆಗಳು. ಇವು ಟೋಪಿ ಗೆರೆಗಳು, ಈಡೋಗೋನಿಯಂ ಎಂಬ ಪಾಚಿಯ ಗುರುತು. ಕೋಶ ಒಂದು ಸಲ ಒಡೆದು ಎರಡಾದಾಗ ಒಂದು ಗೆರೆ ಉಳಿಯುತ್ತದೆ. ನಾನು ನೋಡಿದ ಒಂದು ಕೋಶದಲ್ಲಿ ಐದು ಗೆರೆ ಇದ್ದವು, ಅಂದರೆ ಐದು ವಿಭಜನೆಯ ಲೆಕ್ಕ ಅಲ್ಲೇ ಬರೆದಿಟ್ಟಿದೆ. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಸ್ವಲ್ಪ ಮುಚ್ಚಿದರೆ ಈ ಗೆರೆಗಳು ಎದ್ದು ಕಾಣುತ್ತವೆ. ಪೂರ್ತಿ ತೆರೆದಿಟ್ಟರೆ ಬೆಳಕಲ್ಲೇ ಮರೆಯಾಗುತ್ತವೆ. ಹಿಂದೆ ನನಗೆ ಕಾಣದಿದ್ದುದು ಬಹುಶಃ ಇದಕ್ಕೇ.

ಈ ಎಳೆಗಳಿಗೆ ಡಯಾಟಮ್‌ಗಳು (ಗಾಜಿನಂಥ ಚಿಪ್ಪಿರುವ ಒಂಟಿಕೋಶದ ಪಾಚಿಗಳು) ಬೇಕಾದಷ್ಟು ಅಂಟಿಕೊಂಡಿದ್ದವು. ಪುಟ್ಟ ತೊಟ್ಟಿನ ಮೇಲೆ ನಿಂತ ಗೊಂಫೊನೀಮಾಗಳೇ ಜಾಸ್ತಿ. ಸ್ಪೈರೋಗೈರಾದ ಲೋಳೆ ಮೈಗೆ ಇಷ್ಟು ಬಾಡಿಗೆದಾರರು ಬರುವುದಿಲ್ಲ.

ವರ್ಗೀಕರಣ ನೋಡಿದರೆ ಇವೆರಡೂ ಹತ್ತಿರದ ನೆಂಟರೂ ಅಲ್ಲ. ಈಡೋಗೋನಿಯಂ ಕ್ಲೋರೋಫೈಟಾ ಗುಂಪಿನದು. ಸ್ಪೈರೋಗೈರಾ ಮತ್ತು ಡೆಸ್ಮಿಡ್‌ಗಳೆಂಬ ಪುಟ್ಟ ಹಸಿರು ಪಾಚಿಗಳು ಇರುವ ಗುಂಪೋ, ನೆಲದ ಮೇಲಿನ ಗಿಡಮರಗಳಿಗೆ ಪಾಚಿಗಳಲ್ಲೆಲ್ಲ ಅತಿ ಹತ್ತಿರದ್ದು. ಎರಡಕ್ಕೂ ನಾನು ಒಂದೇ ಹೆಸರು ಬರೆದಿದ್ದೆ.

ಮೂರನೇ ಬಾಟಲಿ

ಇದು ನನ್ನನ್ನು ಎರಡು ದಿನ ಕೂರಿಸಿತು. ಎಳೆ ತುಂಬಾ ತೆಳು. ಕಣ್ಣು ಮಸೂರದ ಅಳತೆಪಟ್ಟಿಯಲ್ಲಿ ನಾಲ್ಕು ಗೆರೆಗೂ ಸ್ವಲ್ಪ ಕಡಿಮೆ. ನನ್ನ ಮೈಕ್ರೋಸ್ಕೋಪಿನಲ್ಲಿ ನಲವತ್ತರ ಲೆನ್ಸ್ ಹಾಕಿದಾಗ ಒಂದು ಗೆರೆಗೆ 2.5 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಅಂದರೆ ಎಳೆಯ ಅಗಲ ಸುಮಾರು 9 ಮೈಕ್ರಾನ್. (ಒಂದು ಮಿಲಿಮೀಟರನ್ನು 100 ಭಾಗ ಮಾಡಿದ ಸ್ಲೈಡ್ ಇಟ್ಟು ಮೊದಲೇ ಹೊಂದಿಸಿಕೊಂಡಿದ್ದೆ. ಒಂದು ಸಲ ಮಾಡಿಕೊಂಡರೆ ಸಾಕು, ದಯವಿಟ್ಟು ಮಾಡಿಕೊಳ್ಳಿ.) ಕೋಶಗಳು ಪೀಪಾಯಿಯಂತೆ ನಡುವೆ ಚೂರು ಉಬ್ಬಿವೆ. ಒಳಗೆ ನಾಲ್ಕಾರು ಬಿಲ್ಲೆಗಳು, ಬಣ್ಣ ಹಳದಿಗೆ ತಿರುಗಿದ ಹಸಿರು.

ತುಂಡಾದ ಎಳೆಯ ತುದಿ ನೋಡಿದಾಗ ಸುಳಿವು ಸಿಕ್ಕಿತು. ತುದಿ ಕವೆಗೋಲಿನಂತೆ ಎರಡು ಚೂಪಾಗಿ ನಿಂತಿತ್ತು. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಗೋಡೆತುಂಡುಗಳು ಒಂದಕ್ಕೊಂದು ಸೇರಿ ಆದ ಎಳೆ ಇದು. ಹಾಗಿದ್ದರೆ ಎರಡು ಹೆಸರು ಎದುರಿಗೆ ಬರುತ್ತವೆ: ಮೈಕ್ರೋಸ್ಪೋರಾ, ಇಲ್ಲವೇ ಟ್ರೈಬೊನೀಮಾ. ಮೈಕ್ರೋಸ್ಪೋರಾ ಪಿಷ್ಟ ಕೂಡಿಡುತ್ತದೆ, ಟ್ರೈಬೊನೀಮಾ ಕೂಡಿಡುವುದಿಲ್ಲ. ಅಯೋಡಿನ್ ಹಾಕಿದೆ. ಹತ್ತು ನಿಮಿಷ ಕಾದೆ. ಸುಮ್ನೆ ಕಂದು, ಎಲ್ಲೂ ನೀಲಿ ಇಲ್ಲ. ಅನುಮಾನ ಬೇಡ ಅಂತ ಅದೇ ಅಯೋಡಿನ್ನನ್ನು ಒಂದನೇ ಬಾಟಲಿಯ ಎಳೆಗೂ ಹಾಕಿ ನೋಡಿದೆ. ಅದು ಕೂಡಲೇ ನೀಲಿಯಾಯಿತು. ಹಾಗಾಗಿ ಮೂರನೆಯದು ಟ್ರೈಬೊನೀಮಾ. ಇದು ಹಸಿರು ಪಾಚಿಯೇ ಅಲ್ಲ, ಡಯಾಟಮ್‌ಗಳು ಮತ್ತು ಕಂದು ಪಾಚಿಗಳ ಕಡೆಯದು.

ಏಳರ ಲೆಕ್ಕ ತಿದ್ದಿದ್ದೇನೆ: ಸ್ಪೈರೋಗೈರಾ ಮೂರು, ಈಡೋಗೋನಿಯಂ ಎರಡು, ಟ್ರೈಬೊನೀಮಾ ಎರಡು. ಇನ್ನು ಮುಂದೆ ಸ್ಲೈಡ್‌ಗೊಂದು ಚಿತ್ರ, ಅಗಲದ ಅಳತೆ, ಅಯೋಡಿನ್ ಫಲಿತಾಂಶ ಬರೆಯದೆ ಹೆಸರು ಬರೆಯುವುದಿಲ್ಲ.

ಶನಿವಾರ

ಸ್ಪೈರೋಗೈರಾದಲ್ಲಿ ಯಾವ ಜಾತಿ ಅಂತ ಹೇಳಬೇಕಾದರೆ ಎಳೆ ಮಾತ್ರ ಸಾಲದು, ಎರಡು ಎಳೆ ಕೂಡಿದ ಮೇಲೆ ಆಗುವ ಝೈಗೋಸ್ಪೋರ್ ಬೇಕು. ಅದರ ಆಕಾರ, ಗೋಡೆಯ ಮೇಲಿನ ಕೆತ್ತನೆ ನೋಡಬೇಕು. ಅದಕ್ಕಾಗಿ ಒಂದನೇ ಬಾಟಲಿಯಿಂದ ದಿನಾ ಒಂದು ಸ್ಲೈಡ್ ಮಾಡುತ್ತಿದ್ದೆ. ಇವತ್ತು ಬೆಳಿಗ್ಗೆ ಎರಡು ಎಳೆ ಅಕ್ಕಪಕ್ಕ ಮಲಗಿದ್ದವು. ಎದುರುಬದುರಿನ ಕೋಶಗಳಿಂದ ಸಣ್ಣ ಉಬ್ಬುಗಳು ಹೊರಟಿದ್ದವು. ಸಂಜೆಗೆ ಉಬ್ಬುಗಳು ಸೇರಿ ಏಣಿಯ ಮೆಟ್ಟಿಲಿನಂತೆ ಕಂಡವು. ರಾತ್ರಿ ನೋಡಿದಾಗ ಒಂದು ಕಡೆಯ ಕೋಶದೊಳಗಿನ ಹಸಿರೆಲ್ಲ ಗೋಡೆ ಬಿಟ್ಟು ಮುದುಡಿ ಉಂಡೆಯಾಗುತ್ತಿತ್ತು. ಸ್ಲೈಡ್ ಒಣಗದ ಹಾಗೆ ಅಂಚಿಗೆ ಒಂದು ಹನಿ ನೀರು ಬಿಟ್ಟು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ.