ಇಬ್ಬನಿ ಕೂರದ ಜಾಗ

ಡಿಸೆಂಬರ್ ಬೆಳಗಿನ ಐದೂವರೆಗೆ ಟಾರ್ಚು ಹಿಡಿದು ತಾರಸಿ ಹತ್ತಿದರೆ ಸೋಲಾರ್ ಟ್ಯಾಂಕಿಗೆ ಎಲ್ಲಿ ನೋವು ಎಂಬುದು ಬರಿಗಣ್ಣಿಗೇ ಕಾಣುತ್ತದೆ. ರಾತ್ರಿಯ ಇಬ್ಬನಿ ತಗಡಿನ ಮೇಲೂ ಗಾಜಿನ ಟ್ಯೂಬುಗಳ ಮೇಲೂ ಕೂತಿರುತ್ತದೆ. ಒಳಗಿನ ಶಾಖ ಹೊರಗೆ ಬಾರದ ಕಡೆ ಮೈ ತಣ್ಣಗಿದ್ದು ಹನಿ ಕಟ್ಟುತ್ತದೆ, ಶಾಖ ಸೋರುವ ಕಡೆ ಒಣಗಿರುತ್ತದೆ. ತುಮಕೂರಿನ ಈ ತಾರಸಿಯಲ್ಲಿ ಇಪ್ಪತ್ತು ಟ್ಯೂಬುಗಳ ಪೈಕಿ ಎಡದಿಂದ ಏಳನೆಯದೂ ಹದಿಮೂರನೆಯದೂ ಒರೆಸಿಟ್ಟ ಹಾಗೆ ಒಣಗಿದ್ದವು. ಟ್ಯಾಂಕಿನ ಎರಡು ತುದಿಗಳಲ್ಲಿ ಟ್ಯೂಬು ಸೇರುವ ಸಾಲಿನವರೆಗೂ ಹನಿ ಇತ್ತು; ನಡುವೆ ಒಂದು ಮೀಟರಿಗೂ ಹೆಚ್ಚು ಉದ್ದಕ್ಕೆ ಇರಲಿಲ್ಲ. ತಳಕ್ಕೆ ಆಕಾಶ ಕಾಣುವುದಿಲ್ಲವಾದ್ದರಿಂದ ಅಲ್ಲಿ ಇಬ್ಬನಿ ನಂಬುವ ಹಾಗಿಲ್ಲ, ಕೈಯೇ ಮೀಟರು. ಅಂಗೈಗೆ ಬೆಚ್ಚಗೆ ತಾಗಿತು, ಹಸುವಿನ ಕೆಚ್ಚಲು ಮುಟ್ಟಿದ ಹಾಗೆ.

200 ಲೀಟರಿನ ಟ್ಯಾಂಕು, ಹನ್ನೊಂದು ವರ್ಷ ಹಳೆಯದು. ಒಳಗೆ ಸ್ಟೇನ್‌ಲೆಸ್ ಸ್ಟೀಲ್, ಅದರ ಸುತ್ತ ಶಾಖ ತಡೆಯಲು 50 ಮಿ.ಮೀ. ಪಫ್, ಅಂದರೆ ಗಟ್ಟಿ ಫೋಮು, ಹೊರಗೆ ಬಣ್ಣ ಬಳಿದ ಜಿ.ಐ. ತಗಡು. 58 ಮಿ.ಮೀ. ದಪ್ಪ, 1800 ಮಿ.ಮೀ. ಉದ್ದದ ಟ್ಯೂಬುಗಳು, ಎರಡು ಪದರ ಗಾಜು, ನಡುವೆ ಗಾಳಿ ತೆಗೆದ ವ್ಯಾಕ್ಯೂಮ್. ಸಂಜೆ ಕೈ ಸುಡುವ ನೀರು ಬೆಳಿಗ್ಗೆ ಉಗುರು ಬೆಚ್ಚಗೆ ಎನ್ನುವುದು ಮನೆಯವರ ದೂರು. ಆ ಕಾರಣಕ್ಕೆ ಎರಡು ಚಳಿಗಾಲದಿಂದ ಟ್ಯಾಂಕಿನೊಳಗಿನ ಕರೆಂಟ್ ಕಾಯಿಲ್ ದಿನಾ ಉರಿಯುತ್ತಿತ್ತು. ಸೋಲಾರ್ ಇದೆಯೆಂದು ಬೆಸ್ಕಾಂ ಬಿಲ್ಲಿನಲ್ಲಿ ಸಿಗುವ ರಿಯಾಯಿತಿ ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. 2 ಕಿಲೋವ್ಯಾಟ್ ಕಾಯಿಲ್ ಅದನ್ನು ಒಂದು ವಾರ ತುಂಬುವುದರೊಳಗೆ ನುಂಗಿಬಿಡುತ್ತದೆ.

ಬಿಚ್ಚುವುದಕ್ಕೆ ಮೊದಲು ಅಳತೆ. ಸಂಜೆ ಆರೂವರೆಗೆ ತಣ್ಣೀರು ಬರುವ ವಾಲ್ವ್, ಬಿಸಿನೀರು ಹೋಗುವ ವಾಲ್ವ್ ಎರಡನ್ನೂ ಮುಚ್ಚಿ, ಮಲ್ಟಿಮೀಟರಿನ ಜೊತೆ ಬರುವ ಶಾಖ ಅಳೆಯುವ ತಂತಿಯನ್ನು ಏರ್ ವೆಂಟಿನಿಂದ, ಅಂದರೆ ಟ್ಯಾಂಕಿನ ನೆತ್ತಿಯ ಗಾಳಿ ಕೊಳವೆಯಿಂದ, ಟ್ಯಾಂಕಿನ ಅರ್ಧದವರೆಗೆ ಇಳಿಬಿಟ್ಟೆವು. 58 ಡಿಗ್ರಿ. ಬೆಳಿಗ್ಗೆ ಐದೂವರೆಗೆ 41. ಹೀಗೆ ವಾಲ್ವ್ ಮುಚ್ಚಿ ನೋಡುವುದಕ್ಕೆ ಕಾರಣವಿದೆ. ಎಷ್ಟೋ ಮನೆಗಳಲ್ಲಿ ಟ್ಯಾಂಕು ಸರಿಯಾಗಿಯೇ ಇರುತ್ತದೆ, ಬಚ್ಚಲುಮನೆಯ ಮಿಕ್ಸರ್ ನಲ್ಲಿ ಕೆಟ್ಟಿರುತ್ತದೆ. ಬಿಸಿ, ತಣ್ಣೀರು ಎರಡೂ ತೆರೆದೇ ಇದ್ದು ಮುಂದಿನ ಹ್ಯಾಂಡ್ ಷವರ್ ಮಾತ್ರ ಮುಚ್ಚಿದ್ದರೆ, ರಾತ್ರಿಯಿಡೀ ತಣ್ಣೀರು ಬಿಸಿ ಲೈನಿಗೆ ನುಗ್ಗುತ್ತದೆ. ಅಂಥ ಮನೆಯಲ್ಲಿ ಟ್ಯಾಂಕಿಗೆ ಕಂಬಳಿ ಹೊದಿಸಿದರೆ ಏನೂ ಆಗದು. ಇಲ್ಲಿ ಎರಡೂ ವಾಲ್ವ್ ಮುಚ್ಚಿದ್ದರೂ 17 ಡಿಗ್ರಿ ಇಳಿದಿತ್ತು, ಹಾಗಾಗಿ ರೋಗ ಟ್ಯಾಂಕಿನದೇ.

200 ಲೀಟರ್ ನೀರು ಒಂದು ಡಿಗ್ರಿ ಇಳಿದರೆ ಸುಮಾರು 0.23 ಯುನಿಟ್ ಶಾಖ ಹೋದಂತೆ. 17 ಡಿಗ್ರಿಗೆ ಹತ್ತಿರ ಹತ್ತಿರ 4 ಯುನಿಟ್. ಒಣ ಪಫ್ ಇರುವ ಇಷ್ಟೇ ದೊಡ್ಡ ಟ್ಯಾಂಕಿನ ಮೈಯಿಂದ ಹೋಗಬೇಕಾದ್ದು 50 ವ್ಯಾಟ್ ಆಸುಪಾಸು, ಅಂದರೆ ರಾತ್ರಿಗೆ ಎರಡೂವರೆ ಡಿಗ್ರಿ. ಪೈಪು, ವೆಂಟು, ಟ್ಯೂಬುಗಳ ಲೆಕ್ಕ ಸೇರಿಸಿ ಐದಾರು ಡಿಗ್ರಿ ಇಳಿದರೆ ಒಪ್ಪಬಹುದು. ಹದಿನೇಳು ಎಂದರೆ ಒಳಗೆ ನೀರು ಕೂತಿದೆ ಎಂದೇ ಅರ್ಥ. ಪಫ್ ಶಾಖ ತಡೆಯುವುದು ಅದರ ಸಣ್ಣ ಸಣ್ಣ ಗುಳ್ಳೆಗಳಲ್ಲಿ ಸಿಕ್ಕಿಬಿದ್ದ ಅನಿಲದಿಂದ. ಆ ಜಾಗವನ್ನು ನೀರು ಹಿಡಿದರೆ ತಡೆ ಹೋಯಿತು. ನೀರು ಪಫ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ಸಾಗಿಸುತ್ತದೆ. ಆದ್ದರಿಂದ ಮೊದಲು ಹುಡುಕಬೇಕಾದದ್ದು ಶಾಖ ಸೋರುವ ಜಾಗವನ್ನಲ್ಲ, ನೀರು ಸೋರುವ ಜಾಗವನ್ನು. ಇದನ್ನು ಮರೆತು ಹೊರಗಿನಿಂದ ಗೋಣಿಚೀಲ, ಟಾರ್ಪಾಲ್ ಸುತ್ತಿದ ಟ್ಯಾಂಕುಗಳನ್ನು ಬೇಕಾದಷ್ಟು ನೋಡಿದ್ದೇವೆ. ಒದ್ದೆ ಒಳಗೇ ಉಳಿದು, ಮಳೆಗಾಲದ ನೀರೂ ಜೊತೆ ಸೇರಿ, ತಗಡು ಇನ್ನೆರಡು ವರ್ಷಕ್ಕೆ ತೂತಾಗುತ್ತದೆ.

ಹಿಂದಿನ ಸಂಜೆಯೇ ಟ್ಯೂಬುಗಳ ಮೇಲೆ ಟಾರ್ಪಾಲ್ ಹಾಕಿದ್ದೆವು. ಇದನ್ನು ಯಾವತ್ತೂ ಬಿಡಬಾರದು. ನೀರಿಲ್ಲದ ಟ್ಯೂಬಿನ ಒಳಮೈ ಬಿಸಿಲಿನಲ್ಲಿ 200 ಡಿಗ್ರಿ ದಾಟಬಲ್ಲದು. ಆಗ ತಣ್ಣೀರು ಬಿಟ್ಟರೆ ಗಾಜು ಪಟಾರನೆ ಒಡೆಯುತ್ತದೆ. ಕಾಯಿಲಿನ ಎಂ.ಸಿ.ಬಿ. ಇಳಿಸಿ, ವೆಂಟು ತೆರೆದಿದೆಯೇ ಎಂದು ಇನ್ನೊಮ್ಮೆ ನೋಡಿ, ಆಮೇಲೆ ಡ್ರೇನ್ ತಿರುಗಿಸುವುದು. ವೆಂಟು ಕಟ್ಟಿಕೊಂಡಿದ್ದಾಗ ನೀರು ಬಸಿದರೆ ಒಳಗೆ ಗಾಳಿಯಿಲ್ಲದೆ ತೆಳು ಸ್ಟೀಲು ಹಿಂಡಿದ ಡಬ್ಬದಂತೆ ಒಳಕ್ಕೆ ಕುಸಿಯುತ್ತದೆ. ಅಂಥ ಟ್ಯಾಂಕಿಗೆ ರಿಪೇರಿಯಿಲ್ಲ, ಗುಜರಿಯೇ.

ಟ್ಯಾಂಕು ಬಸಿದರೂ ಪ್ರತಿ ಟ್ಯೂಬಿನಲ್ಲಿ ಮೂರು ಲೀಟರ್ ನೀರು ಉಳಿಯುತ್ತದೆ. ಕೆಳಗಿನ ಪ್ಲಾಸ್ಟಿಕ್ ಬಟ್ಟಲು ಬಿಚ್ಚಿ, ಟ್ಯೂಬು ಟ್ಯಾಂಕಿಗೆ ಸೇರುವಲ್ಲಿ ನೀರು ಸೋರದಂತೆ ತಡೆಯುವ ಉಂಗುರದ, ಅಂದರೆ ಗ್ಯಾಸ್ಕೆಟಿನ, ಬಾಯಿಗೆ ಸೋಪಿನ ನೀರು ಬಿಟ್ಟು, ಟ್ಯೂಬನ್ನು ಮೊದಲು ಸ್ವಲ್ಪ ಮೇಲಕ್ಕೆ ತಳ್ಳಿ, ಆಮೇಲೆ ತಿರುಗಿಸುತ್ತ ಕೆಳಕ್ಕೆ ಎಳೆಯಬೇಕು. ತಿರುಗಿಸದೆ ಜಗ್ಗಿದರೆ ಕತ್ತು ಮುರಿಯುತ್ತದೆ. ಏಳು ಮತ್ತು ಹದಿಮೂರರ ತಳ ನೋಡಿದಾಗ ಇಬ್ಬನಿಯ ಸಾಕ್ಷಿ ನಿಜವಾಯಿತು. ಬೇರೆಯವಲ್ಲಿ ಬೆಳ್ಳಿಯ ಹೊಳಪಿದ್ದ ತುದಿ ಇವೆರಡರಲ್ಲಿ ಹಾಲಿನಂತೆ ಬೆಳ್ಳಗಾಗಿತ್ತು. ಅದು ಬೇರಿಯಂ ಲೇಪ, ಗಾಳಿ ತಾಗಿದ ಕೂಡಲೇ ಬಿಳಿಚಿಕೊಳ್ಳುತ್ತದೆ. ವ್ಯಾಕ್ಯೂಮ್ ಹೋದ ಇಂಥ ಒಂದೊಂದು ಟ್ಯೂಬೂ ರಾತ್ರಿ ಟ್ಯಾಂಕಿನ ಮೈಯೆಲ್ಲ ಸೇರಿ ಕಳೆಯುವಷ್ಟು ಶಾಖವನ್ನು ಒಂಟಿಯಾಗಿಯೇ ಕಳೆಯಬಲ್ಲದು. ಇವಕ್ಕೆ ಬದಲಿ ಹಾಕುವುದೊಂದೇ ದಾರಿ.

ಉಳಿದ ಟ್ಯೂಬುಗಳ ತಳದಲ್ಲಿ ಬೋರ್‌ವೆಲ್ ನೀರಿನ ಸುಣ್ಣ, ಬೆರಳುದ್ದ. ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು ಕರಗಿಸಿ ಒಂದು ಗಂಟೆ ನಿಲ್ಲಿಸಿ, ಉದ್ದ ಹಿಡಿಯ ಬ್ರಷ್ಷಿನಿಂದ ಉಜ್ಜಿದರೆ ಬಿಟ್ಟುಕೊಡುತ್ತದೆ. ಬಾತ್‌ರೂಮ್ ಆಸಿಡ್ ಬೇಗ ಕೆಲಸ ಮಾಡುತ್ತದೆಂದು ಟ್ಯಾಂಕಿನೊಳಗೆ ಸುರಿಯುವವರಿದ್ದಾರೆ. ಅದರಲ್ಲಿರುವ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸೂಜಿಮೊನೆಯ ಗುಳಿ ಕೊರೆಯುತ್ತದೆ, ಮೊದಲು ಬೆಸುಗೆಯ ಅಂಚಿನಲ್ಲಿ. ಈಗ ಇಲ್ಲದ ಸೋರಿಕೆಯನ್ನು ಕೈಯಾರೆ ತಂದುಕೊಂಡಂತೆ.

ಸೋರಿಕೆ ಒಂಬತ್ತು ಮತ್ತು ಹತ್ತನೆಯ ತೂತಿನಲ್ಲಿತ್ತು. ಅಲ್ಲಿ ಹಿಂದೆ ಯಾರೋ ಸಿಲಿಕೋನ್ ಗ್ಯಾಸ್ಕೆಟ್ ಬದಲು ಸಾಮಾನ್ಯ ಕಪ್ಪು ರಬ್ಬರ್ ಹಾಕಿದ್ದರು. ಬಿಸಿನೀರಿನ ಜೊತೆ ವರ್ಷಗಟ್ಟಲೆ ಇದ್ದು ಅದು ಒಣ ಕೊಬ್ಬರಿಯಂತೆ ಗಟ್ಟಿಯಾಗಿ ಬಿರಿದಿತ್ತು. ನಿಮಿಷಕ್ಕೊಂದು ಹನಿ ಹೊರಗೆ ಬಿದ್ದಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಆದರೆ ಹನಿ ಪಫ್ ಮತ್ತು ತಗಡಿನ ನಡುವೆ ಇಳಿದು ತಳದಲ್ಲಿ ನಿಂತಿತ್ತು. ಹೊರ ತಗಡಿಗೆ ನೀರು ಬಸಿಯಲು ಒಂದು ತೂತೂ ಇರಲಿಲ್ಲ. ತಳಕ್ಕೆ 6 ಮಿ.ಮೀ. ಡ್ರಿಲ್ ಹಾಕಿದ ಕೂಡಲೇ ಕಂದು ನೀರು ಸಣ್ಣ ಧಾರೆಯಾಗಿ ಬಂತು.

ಸ್ಟ್ಯಾಂಡಿನಿಂದ ಟ್ಯಾಂಕನ್ನು ಇಳಿಸಲು ಮೂವರು ಬೇಕು. ಹಳೆಯ ಎರಡು ಟಯರಿನ ಮೇಲೆ, ಟ್ಯೂಬಿನ ತೂತುಗಳು ಮೇಲ್ಮುಖವಾಗುವಂತೆ ಮಗುಚಿ ಮಲಗಿಸಿದೆವು. ತುಕ್ಕು ಹಿಡಿದ ತಗಡನ್ನು 1.2 ಮೀಟರ್ ಉದ್ದ, 35 ಸೆಂ.ಮೀ. ಅಗಲಕ್ಕೆ ಕತ್ತರಿಸಿ ತೆಗೆದೆವು. ಆ ತುಂಡನ್ನು ಎಸೆಯಬಾರದು, ಹೊಸ ತಗಡಿಗೆ ಹದಿನೈದು ತೂತುಗಳ ಅಳತೆ ಅದೇ. ಒಳಗಿನ ಪಫ್ ಎಷ್ಟು ದೂರ ಕೆಟ್ಟಿದೆ ಎಂಬುದಕ್ಕೆ ಬಣ್ಣ ನಂಬಬೇಡಿ, ತಕ್ಕಡಿ ನಂಬಿ. 20 ಸೆಂ.ಮೀ. ಉದ್ದ, 10 ಅಗಲ, 5 ದಪ್ಪದ ತುಂಡು ಒಂದು ಲೀಟರ್ ಆಗುತ್ತದೆ. ಒಳ್ಳೆಯ ಪಫ್ ಆದರೆ 40 ಗ್ರಾಂ ಆಸುಪಾಸು ತೂಗಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ನಮ್ಮ ಮೊದಲ ತುಂಡು 310 ಗ್ರಾಂ ಇತ್ತು. 45 ಗ್ರಾಮಿನ ತುಂಡು ಸಿಗುವವರೆಗೆ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯುತ್ತ ಹೋದೆವು. ಸ್ಟೀಲಿಗೆ ಅಂಟಿದ್ದನ್ನು ಮರದ ಚಕ್ಕೆಯಿಂದ ಕೆರೆಯಬೇಕು. ಕಬ್ಬಿಣದ ಉಳಿ, ಕಬ್ಬಿಣದ ನಾರು ಎರಡೂ ಸ್ಟೇನ್‌ಲೆಸ್ ಮೇಲೆ ತುಕ್ಕಿನ ಬೀಜ ಬಿತ್ತುತ್ತವೆ.

ಬೆಸುಗೆಯಲ್ಲಿ ತೂತು ಇರಲಿಲ್ಲ, ಅದು ಅದೃಷ್ಟ. ಇದ್ದಿದ್ದರೆ ಸುತ್ತ ಒಂದು ಗೇಣು ಪಫ್ ತೆಗೆದು ಆರ್ಗಾನ್ ವೆಲ್ಡಿಂಗ್ ಮಾಡಿಸಬೇಕಿತ್ತು, ಏಕೆಂದರೆ ಪಫ್ ಸುಟ್ಟ ಹೊಗೆ ವಿಷ. ಒಳಗೆ ಗಾಜಿನ ಲೇಪವಿರುವ ಟ್ಯಾಂಕಾದರೆ ವೆಲ್ಡಿಂಗಿನ ಮಾತೇ ಬೇಡ, ಲೇಪ ಒಡೆದು ಹೋಗುತ್ತದೆ. ಎಂಸೀಲ್ ಹಚ್ಚಿ ಮುಚ್ಚಿದ್ದು ದಿನಾ ಹಿಗ್ಗಿ ಕುಗ್ಗುವ ತಗಡಿನ ಮೇಲೆ ಒಂದು ಬೇಸಿಗೆ ನಿಂತರೆ ಹೆಚ್ಚು.

ಒಣಗಿಸುವುದಕ್ಕೇ ಅರ್ಧ ದಿನ ಹೋಯಿತು. ಬಟ್ಟೆಯಲ್ಲಿ ಒರೆಸಿ, ಮಧ್ಯಾಹ್ನದ ಬಿಸಿಲಿಗೆ ಬಿಟ್ಟು, ಕೊನೆಗೆ ಹೇರ್ ಡ್ರೈಯರ್ ಹಿಡಿದದ್ದು. ಇದು ಅತಿ ಎಚ್ಚರವಲ್ಲ. ಪಫ್ ಎರಡು ದ್ರವಗಳ ಮಿಶ್ರಣ, ಪಾಲಿಯಾಲ್ ಮತ್ತು ಐಸೋಸೈನೇಟ್. ಮೇಲ್ಮೈಯಲ್ಲಿ ತೇವ ಇದ್ದರೆ ಐಸೋಸೈನೇಟ್ ಆ ನೀರಿನ ಜೊತೆಗೇ ಸೇರಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ದೊಡ್ಡ ದೊಡ್ಡ ಪೊಳ್ಳುಗಳಾಗಿ, ಫೋಮು ಮಂಡಕ್ಕಿ ಉಂಡೆಯ ಹಾಗೆ ಪುಡಿಪುಡಿಯಾಗುತ್ತದೆ.

ಖಾಲಿ ಜಾಗ, ತೂತುಗಳನ್ನು ಕಳೆದರೆ, 19 ಲೀಟರ್. ಲೀಟರಿಗೆ 40 ಗ್ರಾಮಿನಂತೆ 760 ಗ್ರಾಂ. ಮೂಲೆ ಮೂಲೆಗೂ ಒತ್ತಿ ತುಂಬಲು ಮತ್ತು ಡಬ್ಬಕ್ಕೆ ಅಂಟಿ ಹೋಗುವುದಕ್ಕೆ ಕಾಲು ಭಾಗ ಹೆಚ್ಚು ಸೇರಿಸಿ 950 ಗ್ರಾಂ. ನಮಗೆ ಸಿಕ್ಕ ಜೋಡಿಯ ಪ್ರಮಾಣ ತೂಕದಲ್ಲಿ 100ಕ್ಕೆ 110. ಇದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ, ಡಬ್ಬದ ಮೇಲೆ ಬರೆದದ್ದೇ ಪ್ರಮಾಣ. ಒಂದೇ ಸಲ ಕಲಸಿದರೆ ಕೈಮೀರುತ್ತದೆ, ಆದ್ದರಿಂದ 150 ಗ್ರಾಂ ಪಾಲಿಯಾಲಿಗೆ 165 ಗ್ರಾಂ ಐಸೋಸೈನೇಟಿನಂತೆ ಮೂರು ಸಲ.

ಮೊದಲು ಹದಿನೈದು ತೂತುಗಳಿಗೆ ಬಿರಡೆ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ ಹೊದಿಸಿ, ಗ್ರೀಸ್ ಸವರಿ ಕೂರಿಸಿದೆವು. ಗ್ರೀಸ್ ಮರೆತರೆ ಬಿರಡೆ ಅಲ್ಲಿಯೇ ಶಾಶ್ವತ. ಮೇಲೆ ಹೊಸ 26 ಗೇಜ್ ಜಿ.ಐ. ತಗಡು, ನಾಲ್ಕೂ ಕಡೆ 5 ಸೆಂ.ಮೀ. ಹಳೆಯದರ ಮೇಲೆ ಹಾಯುವಂತೆ, 5 ಸೆಂ.ಮೀ.ಗೊಂದು ಪಾಪ್ ರಿವೆಟ್. ನೆತ್ತಿಯಲ್ಲಿ ಸುರಿಯಲು 25 ಮಿ.ಮೀ.ಯ ಮೂರು ತೂತು, ಗಾಳಿ ಹೋಗಲು ಗೇಣಿಗೊಂದರಂತೆ 3 ಮಿ.ಮೀ. ತೂತು. ಫೋಮು ಉಬ್ಬುವಾಗ ತಗಡು ಹೊಟ್ಟೆ ಬಿಡದಂತೆ ಹಲಗೆಪಟ್ಟಿ ಇಟ್ಟು ಸೈಕಲ್ ಟ್ಯೂಬಿನಿಂದ ಬಿಗಿದದ್ದಾಯಿತು.

ಮೊದಲ ಸುರಿತ ಹಾಳಾಯಿತು. ತಾರಸಿಯ ನೆರಳಿನಲ್ಲಿಟ್ಟ ಡಬ್ಬಗಳು 17 ಡಿಗ್ರಿಯಲ್ಲಿದ್ದವು. ಕಲಸಿದ್ದು ಸೋಮಾರಿಯಂತೆ ಎದ್ದು ಅರ್ಧಕ್ಕೇ ನಿಂತಿತು. ತುದಿಯ ಎರಡು ರಿವೆಟ್ ಬಿಚ್ಚಿ, ಗಟ್ಟಿಯಾದದ್ದನ್ನು ಕೊಯ್ದು ತೆಗೆದೆವು. ಎರಡೂ ಡಬ್ಬಗಳನ್ನು ಬಿಗಿಯಾಗಿ ಮುಚ್ಚಿ ಬಿಸಿಲಿನಲ್ಲಿಟ್ಟು, 24 ಡಿಗ್ರಿಗೆ ಬಂದ ಮೇಲೆ ಮತ್ತೆ ಕಲಸಿದಾಗ ಸರಿಯಾಯಿತು. ಡ್ರಿಲ್ಲಿಗೆ ಬಣ್ಣ ಕಲಸುವ ಕಡ್ಡಿ ಹಾಕಿ ಹತ್ತು ಹನ್ನೆರಡು ಸೆಕೆಂಡು, ಬಣ್ಣ ಕೆನೆಯಂತೆ ತಿರುಗುವ ಮೊದಲೇ ಸುರಿತ. ಎರಡು ಮೂರು ನಿಮಿಷದಲ್ಲಿ ಗಾಳಿತೂತುಗಳಿಂದ ಫೋಮಿನ ಹುಳು ಹೊರಗೆ ಇಣುಕಿತು. ಆ ಭಾಗ ತುಂಬಿತೆಂದು ಅದರ ಅರ್ಥ. ಕೈಗವಸು, ಕನ್ನಡಕ, ಆವಿ ತಡೆಯುವ ಮಾಸ್ಕ್ ಕಡ್ಡಾಯ. ಐಸೋಸೈನೇಟಿನ ಆವಿ ಉಬ್ಬಸ ತರುತ್ತದೆ, ಈಗಾಗಲೇ ಉಬ್ಬಸ ಇರುವವರು ಆ ತಾರಸಿಯಲ್ಲೇ ಇರಬಾರದು.

ಅಂಗಡಿಯ ಸ್ಪ್ರೇ ಫೋಮ್ ಡಬ್ಬ ಸಾಕಲ್ಲವೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಅದರ ಗುಣ ತದ್ವಿರುದ್ಧ, ಗಟ್ಟಿಯಾಗಲು ಗಾಳಿಯ ತೇವ ಬೇಕು. ಮುಚ್ಚಿದ ತಗಡಿನೊಳಗೆ 5 ಸೆಂ.ಮೀ. ದಪ್ಪಕ್ಕೆ ಹೊಡೆದರೆ ಹೊರಪದರ ಗಟ್ಟಿಯಾಗಿ ನಡುವೆ ಅಂಟಂಟಾಗಿಯೇ ಉಳಿಯುತ್ತದೆ. ಥರ್ಮೋಕೋಲ್ 80 ಡಿಗ್ರಿ ಹತ್ತಿರಕ್ಕೆ ಮೆತ್ತಗಾಗುತ್ತದೆ, ಏಪ್ರಿಲಿನಲ್ಲಿ ಮನೆಯವರು ನಾಲ್ಕು ದಿನ ಊರಿಗೆ ಹೋದರೆ ಟ್ಯಾಂಕು ಅಷ್ಟು ಬಿಸಿಯಾಗುವುದುಂಟು.

ಮರುದಿನ ಸಂಜೆ, ಬಿಸಿಲು ಇಳಿದ ಮೇಲೆ ಜೋಡಣೆ. ಇಪ್ಪತ್ತೂ ಗ್ಯಾಸ್ಕೆಟ್ ಹೊಸ ಸಿಲಿಕೋನು, ಎರಡು ಹೊಸ ಟ್ಯೂಬು. ಸುರಿದ ತೂತುಗಳಿಗೆ ರಬ್ಬರ್ ಮುಚ್ಚಳ, ಸುತ್ತ ಸಿಲಿಕೋನ್ ಸೀಲೆಂಟ್. ತಳಕ್ಕೆ ಬಂದ ಎರಡು ಗಾಳಿತೂತುಗಳನ್ನು ಮಾತ್ರ ಬೇಕೆಂದೇ ತೆರೆದು ಬಿಟ್ಟೆವು, ಮುಂದೆ ಗ್ಯಾಸ್ಕೆಟ್ ಕೈಕೊಟ್ಟರೆ ನೀರು ಒಳಗೆ ಕೂರದೆ ತಾರಸಿಗೆ ಬೀಳಲಿ ಎಂದು. ನೀರು ತುಂಬಿಸಿ ಟ್ಯೂಬಿನ ಸಾಲಿನ ಕೆಳಗೆ ಹಳೆಯ ಪತ್ರಿಕೆ ಹಾಸಿ ಎರಡು ಗಂಟೆ ಬಿಟ್ಟೆವು. ಕಾಗದದ ಮೇಲೆ ಒಂದು ಹನಿ ಬಿದ್ದರೂ ಚುಕ್ಕೆ ಕಾಣುತ್ತದೆ. ಹನ್ನೊಂದರ ಕೆಳಗೊಂದು ಚುಕ್ಕೆ ಇತ್ತು. ಟ್ಯೂಬನ್ನು ಅರ್ಧ ಸುತ್ತು ತಿರುಗಿಸಿ ಮೇಲಕ್ಕೆ ಒತ್ತಿದಾಗ ನಿಂತಿತು.

ಬಿಸಿನೀರಿನ ಪೈಪಿಗೆ 13 ಮಿ.ಮೀ.ಯ ಕಪ್ಪು ನೈಟ್ರೈಲ್ ರಬ್ಬರಿನ ತೋಳು ಹಾಕಿ ಅದರ ಮೇಲೆ ಅಲ್ಯೂಮಿನಿಯಂ ಟೇಪು ಸುತ್ತಿದ್ದಾಯಿತು. ಟೇಪಿಲ್ಲದಿದ್ದರೆ ಬಿಸಿಲಿಗೆ ಬಿರಿಯುತ್ತದೆ, ಉಳಿದದ್ದನ್ನು ಅಳಿಲು ಗೂಡಿಗೆ ಒಯ್ಯುತ್ತದೆ.

ಒಂದು ಪೂರ್ತಿ ಬಿಸಿಲು ಕಂಡ ಮೇಲೆ ಅದೇ ಅಳತೆ ಮತ್ತೆ ಮಾಡಿದೆವು. ಸಂಜೆ ಆರೂವರೆಗೆ 57, ಬೆಳಿಗ್ಗೆ ಐದೂವರೆಗೆ 51. ಟಾರ್ಚು ಹಾಯಿಸಿದಾಗ ಇಪ್ಪತ್ತೂ ಟ್ಯೂಬುಗಳ ಮೇಲೆ ಹನಿ ಇತ್ತು, ತಗಡಿನ ತುಂಬ ಹನಿ. ಏರ್ ವೆಂಟಿನ ಬುಡದಲ್ಲಿ ಮಾತ್ರ ಅಂಗೈ ಅಗಲ ಒಣಗಿತ್ತು. ಅಲ್ಲಿಗೆ ತೋಳಿನ ತುಂಡು ಉಳಿದಿರಲಿಲ್ಲ.