ಅಪ್ಪ ರಿವೆಟ್ ಬಡಿದ ವಿಮಾನವನ್ನು ಅಮ್ಮ ನೋಡಿದ್ದು

ಅಮ್ಮನಿಗೆ ಈಗ ಎಂಬತ್ತು. ಮಂಡಿ ನೋವು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಕಳೆದ ಭಾನುವಾರ ಉಪ್ಪಿಟ್ಟು ತಿಂದು ಕೈ ತೊಳೆದು ಬಂದವಳು ಇದ್ದಕ್ಕಿದ್ದ ಹಾಗೆ ಕೇಳಿದಳು: "ನಿಮ್ಮಪ್ಪ ಮಾಡ್ತಿದ್ರಲ್ಲ ಆ ವಿಮಾನ, ಈಗ ಎಲ್ಲಾದ್ರೂ ಇದೆಯೇನೇ?"

ಇದೆ. ನಮ್ಮ ತಿಪ್ಪಸಂದ್ರದ ಮನೆಯಿಂದ ದೂರವೇನಿಲ್ಲ, ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂನಲ್ಲೇ ಒಂದು ನಿಂತಿದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ಇನ್ನೊಂದು. ಜರ್ಮನಿಯ ಮ್ಯೂನಿಕ್ ಪಕ್ಕದ ಒಂದು ವಿಮಾನ ಸಂಗ್ರಹಾಲಯದಲ್ಲೂ ಒಂದನ್ನು ಇಟ್ಟುಕೊಂಡಿದ್ದಾರೆ. ಇಷ್ಟಿದ್ದೂ ಇಷ್ಟು ವರ್ಷ ಅಮ್ಮನನ್ನು ಕರೆದುಕೊಂಡು ಹೋಗಬೇಕು ಅಂತ ನನಗೆ ಹೊಳೆದೇ ಇರಲಿಲ್ಲ. ಅಪ್ಪನ ಊಟದ ಕ್ಯಾರಿಯರ್ ಕಟ್ಟಿ ಕಳಿಸಿದ್ದು ಅವಳು, ಗ್ರೀಸಿನ ಪ್ಯಾಂಟು ಒಗೆದದ್ದು ಅವಳು. ಆದರೆ ಫ್ಯಾಕ್ಟರಿ ಗೇಟಿನಾಚೆ ಏನು ತಯಾರಾಗುತ್ತಿತ್ತು ಅಂತ ಹತ್ತಿರದಿಂದ ಒಮ್ಮೆಯೂ ನೋಡಿರಲಿಲ್ಲ. ತಲೆಯ ಮೇಲೆ ಹಾರಿದಾಗ ಸದ್ದು ಕೇಳಿದ್ದಳು, ಅಷ್ಟೇ.

ಹನ್ನೊಂದು ಗಂಟೆಗೆಲ್ಲ ಆಟೋ ಹತ್ತಿದೆವು.

ವಿಮಾನದ ಹೆಸರು ಮಾರುತ. ಕಾಗದದಲ್ಲಿ ಎಚ್‌ಎಫ್-24, ಅಂದರೆ ಹಿಂದೂಸ್ತಾನ್ ಫೈಟರ್. ಅಪ್ಪನ ಬಾಯಲ್ಲಿ ಕೊನೇತನಕ ಬರೀ 'ಟ್ವೆಂಟಿಫೋರ್'. 1959ರಲ್ಲಿ ಮಾಲೂರು ಕಡೆಯ ಹಳ್ಳಿಯಿಂದ ಬಂದು ಎಚ್‌ಎಎಲ್ ವಿಮಾನ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿದಾಗ ಅವರಿಗೆ ಇಪ್ಪತ್ತು ವರ್ಷ. ಅದಕ್ಕೆ ಮೂರು ವರ್ಷ ಮೊದಲು, 1956ರ ಆಗಸ್ಟ್‌ನಲ್ಲಿ, ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ವಿನ್ಯಾಸಕ ತನ್ನ ತಂಡದ ಜೊತೆ ಬೆಂಗಳೂರಿಗೆ ಬಂದಿದ್ದರು. ಎರಡನೇ ಮಹಾಯುದ್ಧದ ಫೋಕೆ-ವುಲ್ಫ್ 190 ವಿಮಾನ ಅವರದೇ ವಿನ್ಯಾಸ. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾದಲ್ಲಿ ಕೆಲಸ ಮಾಡಿ ಅಲ್ಲಿಂದ ನಮ್ಮಲ್ಲಿಗೆ ಬಂದವರು. ಅವರಿಗೆ ಇಲ್ಲಿ ಜೊತೆ ಸಿಕ್ಕಿದ್ದು ಎಚ್‌ಎಎಲ್‌ನ ವಿನ್ಯಾಸಕ ಡಾಕ್ಟರ್ ಘಾಟ್ಗೆ ಅವರ ಬಳಿ ಪಳಗಿದ ಚಿಕ್ಕ ತಂಡ. ಆ ತಂಡ ಅಷ್ಟರಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಮಾಡಿತ್ತು. ಪ್ರೊಪೆಲ್ಲರಿನ ಪುಟ್ಟ ವಿಮಾನ ಮಾಡಿದ ಕೈಗಳು ಒಮ್ಮೆಲೇ ಜೆಟ್ ಯುದ್ಧವಿಮಾನಕ್ಕೆ ಹೊರಟಿದ್ದವು.

ಮೊದಲು ಮರದಲ್ಲಿ ಮಾಡಿದರು. ಮಾದರಿ ಗೊಂಬೆಯಲ್ಲ, ಪೂರ್ತಿ ಅಳತೆಯದು. ಎಂಜಿನ್ ಇಲ್ಲದ ಆ ಗ್ಲೈಡರನ್ನು ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಮೇಲಕ್ಕೆಳೆದು, ಬಿಟ್ಟು, ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುತ್ತಿದ್ದರು. ಅಪ್ಪ ಸೇರಿದ ವರ್ಷವೇ ಈ ಹಾರಾಟ ಶುರುವಾದದ್ದು. "ಮೇಲೆ ಹೋಗ್ವಾಗ ಡಕೋಟಾ ಸದ್ದು, ಕೆಳಗೆ ಬರ್ವಾಗ ಏನೂ ಇಲ್ಲ, ಹದ್ದು ಬಂದ ಹಾಗೆ" ಅನ್ನುತ್ತಿದ್ದರು. ಆ ಮೌನವನ್ನು ಅವರು ಎಷ್ಟು ಸಲ ಹೇಳಿದ್ದಾರೋ! ನಿಜವಾದ ವಿಮಾನ ಹಾರಿದ್ದು 1961ರ ಜೂನ್ 17, ಶನಿವಾರ. ಹಾರಿಸಿದವರು ಸುರಂಜನ್ ದಾಸ್. ಶುರುವಿನಿಂದ ಐದೇ ವರ್ಷಕ್ಕೆ. ಇವತ್ತಿನ ಲೆಕ್ಕದಲ್ಲಿ ನೋಡಿದರೂ ಅದು ಬೇಗ.

ಅಪ್ಪನ ಕೆಲಸ ರಿವೆಟ್ ಬಡಿಯುವುದು. ಅದರಲ್ಲೂ 'ಒಳಗಿನವನ' ಕೆಲಸ. ವಿಮಾನದ ಮೈ ಅಂದರೆ ಒಳಗೆ ಪಕ್ಕೆಲುಬಿನ ಹಾಗೆ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ತೆಳು ಹಾಳೆ, ಎರಡನ್ನೂ ಹಿಡಿದಿಡುವ ಸಾವಿರಾರು ರಿವೆಟ್, ಅಂದರೆ ಮೊಳೆಯ ಹಾಗೆ ತಲೆ ಇರುವ ಪುಟ್ಟ ಲೋಹದ ತುಂಡು. ಹೊರಗೆ ಒಬ್ಬ ಗನ್ ಹಿಡಿದು ರಿವೆಟ್ಟಿನ ತಲೆಗೆ ಬಡಿಯುತ್ತಾನೆ. ಒಳಗೆ ಇನ್ನೊಬ್ಬ ಬಾಲದ ಕಡೆಗೆ ಡಾಲಿ ಎಂಬ ಭಾರದ ಉಕ್ಕಿನ ತುಂಡು ಒತ್ತಿ ಹಿಡಿಯುತ್ತಾನೆ. ಬಾಲ ಚಪ್ಪಟೆಯಾಗಿ ಕಚ್ಚಿಕೊಳ್ಳುವುದು ಡಾಲಿ ಹಿಡಿದವನ ಕಡೆ. ಅವನು ಓರೆ ಹಿಡಿದರೆ ಹೊರಗಿನವನು ಎಷ್ಟು ಚೆನ್ನಾಗಿ ಬಡಿದರೂ ಆ ರಿವೆಟ್ ಕೆಟ್ಟಂತೆ. ಕೊರೆದು ತೆಗೆದು ಹೊಸದು ಹಾಕಬೇಕು. ಅಪ್ಪ ಕುಳ್ಳು, ಸಣಕಲು. ಅದಕ್ಕೇ ಅವರನ್ನು ಒಳಗೆ ತೂರಿಸುತ್ತಿದ್ದರು.

ಆ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಒಳಗಿನವನು ಲೋಹದ ಮೇಲೆ ತಟ್ಟಿ ಹೇಳಬೇಕು: ಒಂದು ತಟ್ಟಿದರೆ ಇನ್ನೊಂದು ಏಟು, ಎರಡು ತಟ್ಟಿದರೆ ಸರಿಯಾಗಿದೆ, ಮುಂದಕ್ಕೆ ಹೋಗು. ಈ ಭಾಷೆ ನಮ್ಮ ಮನೆಗೂ ಬಂದಿತ್ತು. ಊಟಕ್ಕೆ ಕೂತಾಗ ತಟ್ಟೆಯ ಅಂಚಿಗೆ ಬೆರಳಲ್ಲಿ ಒಂದು ತಟ್ಟಿದರೆ ಇನ್ನೊಂದು ಸೌಟು ಸಾರು. ಎರಡು ತಟ್ಟಿದರೆ ಸಾಕು. ಬೇರೆಯವರ ಮನೆಯಲ್ಲಿ ಹಾಗೆ ಮಾಡುವುದಿಲ್ಲ ಅಂತ ನನಗೆ ಗೊತ್ತಾದದ್ದು ಮದುವೆಯಾದ ಮೇಲೆ.

ಇನ್ನೊಂದು ವಿಷಯ. ಅಪ್ಪ ಜೀವನದಲ್ಲಿ ಮೊದಲು ನೋಡಿದ ಫ್ರಿಜ್ಜಿನಲ್ಲಿ ಹಾಲು, ತರಕಾರಿ ಇರಲಿಲ್ಲ, ರಿವೆಟ್ ಇತ್ತು. ಕೆಲವು ಜಾತಿಯ ರಿವೆಟ್ಟನ್ನು ಕಾಯಿಸಿ ತಟ್ಟನೆ ತಣಿಸಿದರೆ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಆಮೇಲೆ ತನ್ನಷ್ಟಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ಮೆತ್ತಗಿರುವಾಗಲೇ ಬಡಿದು ಮುಗಿಸಬೇಕು. ಚಳಿಯಲ್ಲಿಟ್ಟರೆ ಗಟ್ಟಿಯಾಗುವುದು ನಿಧಾನ. ಹಾಗಾಗಿ ಬೇಕಾದಷ್ಟನ್ನೇ ಫ್ರಿಜ್ಜಿನಿಂದ ತೆಗೆದು ಓಡೋಡಿ ಬರುವುದು. 1982ರಲ್ಲಿ ನಮ್ಮ ಮನೆಗೆ ಫ್ರಿಜ್ ಬಂದಾಗ ಅಪ್ಪ ಅದರ ಬಾಗಿಲು ತೆಗೆದು ಸುಮಾರು ಹೊತ್ತು ಸುಮ್ಮನೆ ನಿಂತಿದ್ದರು.

ಮ್ಯೂಸಿಯಂನಲ್ಲಿ ವಿಮಾನಗಳು ಬಯಲಲ್ಲಿ ನಿಂತಿವೆ. ಅಮ್ಮ ನನ್ನ ತೋಳು ಹಿಡಿದು ನಿಧಾನಕ್ಕೆ ಬಂದಳು. ಯಾವುದು ಅಂತ ನಾನು ತೋರಿಸುವ ಮೊದಲೇ ಅದರ ಮುಂದೆ ನಿಂತಳು. ಉದ್ದ ಸುಮಾರು 16 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಚೂಪು ಮೂತಿ, ಹಿಂದಕ್ಕೆ ಬಾಗಿದ ರೆಕ್ಕೆ, ಎರಡು ಪಕ್ಕದಲ್ಲೂ ಗಾಳಿ ಎಳೆದುಕೊಳ್ಳುವ ಅರ್ಧಚಂದ್ರದಂಥ ಬಾಯಿ. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತದೆ. ನಮ್ಮ ದೇಶದಲ್ಲಿ ತಯಾರಾದ ವಿಮಾನಗಳಲ್ಲಿ ಇದಕ್ಕಿಂತ ಚೆಂದದ್ದು ಇಲ್ಲ ಅಂತ ನನ್ನ ನಂಬಿಕೆ. ಇದನ್ನು ಅಪ್ಪನ ಮೇಲಿನ ಪ್ರೀತಿಗೆ ಹೇಳುತ್ತಿಲ್ಲ. ಹೋಗಿ ನೋಡಿ.

"ಇದರೊಳಗೆ ಕೂರ್ತಿದ್ರಾ?" ಅಂತ ಅಮ್ಮ ಕೇಳಿದಳು.

"ಮಲಗ್ತಿದ್ರು ಅನ್ಸತ್ತೆ. ಇಲ್ಲಿ ಕೂರೋಕೆ ಜಾಗ ಎಲ್ಲಿದೆ?"

ಅವಳು ಆ ಬಾಯಿಯ ಒಳಗೆ ಬಗ್ಗಿ ನೋಡುತ್ತಾ ತನ್ನ ಎಡ ಭುಜವನ್ನು ಮುಟ್ಟಿಕೊಂಡಳು. "ಅದಕ್ಕೇ ಕಣೇ! ಯಾವಾಗ್ಲೂ ಎಡಗಡೆ ಭುಜದಲ್ಲೇ ಅಂಗಿ ಹರಿಯೋದು. ಎಷ್ಟು ತೇಪೆ ಹಾಕಿದೀನಿ. ಕೇಳಿದ್ರೆ 'ಕೆಲಸದಲ್ಲಿ' ಅನ್ನೋರು."

ಬಲಗೈಯಲ್ಲಿ ಡಾಲಿ, ಎಡ ಭುಜ ಚೌಕಟ್ಟಿಗೆ ಆನಿಸಿಕೊಂಡು. ನನಗೂ ಆಗಲೇ ಹೊಳೆದದ್ದು.

ಈ ವಿಮಾನದ ಬಗ್ಗೆ ಯಾರು ಬರೆದರೂ 'ಶಕ್ತಿ ಸಾಲದ ವಿಮಾನ' ಅಂತ ಒಂದು ಮಾತು ಬಂದೇ ಬರುತ್ತದೆ. ಸುಳ್ಳಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಯೋಚಿಸಿದ್ದ ವಿಮಾನ ಶಬ್ದದ ವೇಗವನ್ನು ಮುಟ್ಟಲು ಒದ್ದಾಡಿತು. ಆದರೆ ಅದು ಮೈಯ ತಪ್ಪಲ್ಲ. ಮೈ ರೂಪಿಸಿದ್ದು ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನ ಒಂದು ಬಲಿಷ್ಠ ಮಾದರಿಗೆ, ಬಾಲದಲ್ಲಿ ಮತ್ತೆ ಇಂಧನ ಉರಿಸಿ ಜೋರು ಕೊಡುವಂಥದ್ದಕ್ಕೆ. ಬ್ರಿಟನ್ ಅದನ್ನು ಅರ್ಧಕ್ಕೆ ಬಿಟ್ಟಿತು. ನೀವು ಹಣ ಹಾಕಿದರೆ ಮುಗಿಸುತ್ತೇವೆ ಅಂದಾಗ ನಮ್ಮ ಸರ್ಕಾರ ಒಪ್ಪಲಿಲ್ಲ. ಕೊನೆಗೆ ಕೂರಿಸಿದ್ದು ಅದೇ ಕುಟುಂಬದ ಚಿಕ್ಕ ಎಂಜಿನ್, ಎರಡು. ಈಜಿಪ್ಟ್ ತಯಾರಿಸುತ್ತಿದ್ದ ಎಂಜಿನ್ನನ್ನು ಹಾಕಿ ನೋಡೋಣ ಅಂತ ಒಂದು ಮಾರುತವನ್ನು ಅಲ್ಲಿಗೂ ಕಳಿಸಿದರು. 1967ರಲ್ಲಿ ಅದು ಅಲ್ಲಿ ಹಾರಿತು ಕೂಡ. ಆ ಯೋಜನೆಯೂ ಎರಡು ವರ್ಷದಲ್ಲಿ ನಿಂತುಹೋಯಿತು. ಅಪ್ಪ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: "ಗಾಡಿ ಮಾಡಿಸಿದೋರು ಎತ್ತಿಗೆ ಚೌಕಾಸಿ ಮಾಡಿದ್ರು." ನನಗೂ ಅದೇ ಅನ್ನಿಸುತ್ತದೆ. ಅಷ್ಟು ವರ್ಷದ ದುಡಿಮೆಗೆ ಆ ಹಣ ದೊಡ್ಡದಲ್ಲ.

ಇಷ್ಟಾದರೂ ಎಲ್ಲ ಸೇರಿ 147 ಮಾರುತಗಳು ಇಲ್ಲಿಂದ ಹೊರಟವು. 1971ರ ಡಿಸೆಂಬರ್‌ನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ವಾಯುಪಡೆಯ 10 ಮತ್ತು 220ನೇ ಸ್ಕ್ವಾಡ್ರನ್‌ಗಳು ಅವನ್ನು ರಾಜಸ್ಥಾನದಿಂದ ಹಾರಿಸಿದವು, ಜೋಧಪುರ ಮತ್ತು ಉತ್ತರಲಾಯಿ ನೆಲೆಗಳಿಂದ. ಲೋಂಗೇವಾಲಾ ಕಾಳಗದ ಕೀರ್ತಿಯನ್ನೆಲ್ಲ ಮಾರುತಕ್ಕೆ ಕೊಡುವವರಿದ್ದಾರೆ. ಅಲ್ಲಿ ದೊಡ್ಡ ಪಾಲು ಜೈಸಲ್ಮೇರಿನಿಂದ ಹಾರಿದ ಹಂಟರ್ ಯುದ್ಧವಿಮಾನಗಳದು, ಅದನ್ನು ಕಿತ್ತುಕೊಳ್ಳುವುದು ಬೇಡ. ಮಾರುತದ ಕೆಲಸ ತಗ್ಗಿನಲ್ಲಿ ಹಾರಿ ಗಡಿ ದಾಟಿ ನೆಲದ ಗುರಿಗಳನ್ನು ಹೊಡೆಯುವುದು. ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿ, ಹೊಟ್ಟೆಯಲ್ಲಿ ರಾಕೆಟ್, ರೆಕ್ಕೆಯಡಿ ಬಾಂಬು. ತಗ್ಗಿನಲ್ಲಿ ಅದು ಅಲುಗದೆ ನೆಟ್ಟಗೆ ಹೋಗುತ್ತಿತ್ತು. ಅಲ್ಲಿ ಅದರ ವೇಗಕ್ಕೂ ಕೊರತೆ ಇರಲಿಲ್ಲ. ಡಿಸೆಂಬರ್ 7ರಂದು 220ನೇ ಸ್ಕ್ವಾಡ್ರನ್ನಿನ ಕೆ.ಕೆ. ಬಕ್ಷಿ ಮಾರುತದಿಂದಲೇ ಪಾಕಿಸ್ತಾನದ ಒಂದು ಸೇಬರ್ ಯುದ್ಧವಿಮಾನ ಕೆಡವಿದರು ಎಂದು ನಮ್ಮ ವಾಯುಪಡೆ ಲೆಕ್ಕ ಹಿಡಿದಿದೆ. ನೆಲದ ಗುಂಡಿಗೆ ಕೆಲವು ಮಾರುತಗಳು ಬಿದ್ದವು. ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ.

ಅಪ್ಪನಿಗೆ ಸೇಬರ್ ಕೆಡವಿದ್ದಕ್ಕಿಂತ ಹೆಚ್ಚು ಹೆಮ್ಮೆ ಇದ್ದದ್ದು ಬೇರೆಯದಕ್ಕೆ. ಗುಂಡು ತಗುಲಿ ಒಂದು ಎಂಜಿನ್ ಸತ್ತ ಮಾರುತಗಳು ಇನ್ನೊಂದರಲ್ಲೇ ನೆಲೆಗೆ ವಾಪಸು ಬಂದಿದ್ದವು. ಒಂದಂತೂ ಸುಮಾರು 240 ಕಿಲೋಮೀಟರ್ ಶತ್ರುನೆಲದ ಒಳಗಿನಿಂದ, ಜೊತೆಗೆ ಯಾರೂ ಇಲ್ಲದೆ. ಹೈಡ್ರಾಲಿಕ್ ಕೆಟ್ಟರೆ ಚುಕ್ಕಾಣಿ ತಾನೇ ಪೈಲಟ್ಟಿನ ಕೈಬಲಕ್ಕೆ ಬದಲಾಗುವ ವ್ಯವಸ್ಥೆಯೂ ಇತ್ತು. ಈ ಸುದ್ದಿಗಳು ಆಮೇಲೆ ಹ್ಯಾಂಗರಿಗೆ ಬಂದು ತಲುಪಿದಾಗ ಕ್ಯಾಂಟೀನಿನಲ್ಲಿ ಯಾರೋ ಎಲ್ಲರಿಗೂ ಜಿಲೇಬಿ ಹಂಚಿದರಂತೆ. "ಹುಡುಗನ್ನ ಮನೆಗೆ ತಲುಪಿಸ್ತು" ಅನ್ನುವಾಗ ಅಪ್ಪನ ಗಂಟಲು ಕಟ್ಟುತ್ತಿತ್ತು.

ಹಿಂದಿರುಗುವಾಗ ಆಟೋ ಏರ್‌ಪೋರ್ಟ್ ರಸ್ತೆಯಿಂದ ಬಲಕ್ಕೆ ತಿರುಗಿ ಸುರಂಜನ್ ದಾಸ್ ರಸ್ತೆಗೆ ಬಂತು. ಸಿಗ್ನಲ್ಲಿನಲ್ಲಿ ನಿಂತಿತು. ಅಮ್ಮ ಅಂಗಡಿ ಬೋರ್ಡಿನ ಕೆಳಗಿನ ವಿಳಾಸವನ್ನು ಅಕ್ಷರ ಕೂಡಿಸಿ ಓದಿದಳು. "ಪುಟ್ಟಿ, ಈ ದಾಸ್ ಯಾರು? ನಾನು ಯಾರೋ ಸ್ವಾತಂತ್ರ್ಯ ಹೋರಾಟಗಾರರು ಅನ್ಕೊಂಡಿದ್ದೆ."

ಹೇಳಿದೆ. ಟ್ವೆಂಟಿಫೋರನ್ನು ಮೊದಲು ಹಾರಿಸಿದವರು ಅವರೇ. ಎಂಜಿನ್ನಿಗೆ ಜೋರು ಕೊಡಲು ಇಲ್ಲೇ ಮಾಡಿದ ಹೊಸ ವ್ಯವಸ್ಥೆ ಇದ್ದ ಮಾರುತವನ್ನು ಪರೀಕ್ಷೆಗೆ ಹಾರಿಸುವಾಗ ಬಿದ್ದು ತೀರಿಕೊಂಡರು. 1970, ಜನವರಿ 10.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸಿಗ್ನಲ್ ಬಿಟ್ಟು ಆಟೋ ಹೊರಟ ಮೇಲೆ ಹೇಳಿದಳು.

"ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ನಿನಗೆ ಎರಡು ವರ್ಷ. ನಾನು ಎಳ್ಳಿಗೆ ಹಾಕೋಕೆ ಕೊಬ್ಬರಿ ಹೆಚ್ತಾ ಕೂತಿದ್ದೆ. ಹೊತ್ತಿಗೆ ಮುಂಚೆ ಮನೆಗೆ ಬಂದ್ರು. ಕೈಕಾಲೂ ತೊಳೀಲಿಲ್ಲ. ನನ್ನ ಪಕ್ಕದಲ್ಲಿ ಕೂತು ನನ್ನ ಕೈಯಿಂದ ಕತ್ತಿ ಇಸ್ಕೊಂಡು ಎಲ್ಲಾ ಕೊಬ್ಬರಿನೂ ಒಬ್ಬರೇ ಹೆಚ್ಚಿದ್ರು. ಏನಾಯ್ತು ಅಂದ್ರೆ 'ನಮ್ಮ ಸಾಹೇಬ್ರು ಹೋದ್ರು' ಅಂದ್ರು. ಯಾವ ಸಾಹೇಬ್ರು ಅಂತ ನಾನು ಕೇಳ್ಲಿಲ್ಲ. ಆ ವರ್ಷ ಎಳ್ಳು ಬೀರೋಕೆ ನಾನು ಯಾರ ಮನೆಗೂ ಹೋಗ್ಲಿಲ್ಲ."