ಸೊಂಟದಲ್ಲಿ ನೆರಿಗೆಯಿಲ್ಲದ ನಿಲುವಂಗಿ

ಕೋಪನ್‌ಹೇಗನ್, 16 ನವೆಂಬರ್ 2024, ಶನಿವಾರ

ಮಧ್ಯಯುಗದ ಮಾದರಿಯ ಉಣ್ಣೆಯ ನಿಲುವಂಗಿಯೊಂದನ್ನು ಹೊಲಿಯುತ್ತಿದ್ದೇನೆ. ಬದಿಯ ಕಲಿಗಳನ್ನೆಲ್ಲ, ಅಂದರೆ ಕೆಳಗೆ ಅಗಲಿಸುವ ತ್ರಿಕೋನದ ತುಂಡುಗಳನ್ನೆಲ್ಲ, ಕೂಡಿಸಿಯಾಯಿತು. ಮುಂಭಾಗದ ನಡುವಿನ ಕಲಿಯೊಂದು ಬಾಕಿ, ಪ್ರಾಣ ತಿನ್ನುವುದೂ ಅದೇ. ಬದಿಯ ಕಲಿಗಳು ಎರಡು ತುಂಡುಗಳ ನಡುವೆ ತಕರಾರಿಲ್ಲದೆ ಕೂರುತ್ತವೆ. ಇದಕ್ಕಾದರೋ ಒಂದೇ ತುಂಡಾದ ಬಟ್ಟೆಯನ್ನು ಹೊಟ್ಟೆಯ ಮಟ್ಟದಿಂದ ಕೆಳಕ್ಕೆ ಸೀಳಬೇಕು. ಸೀಳಿನ ತುದಿಯಲ್ಲಿ ಒಳಮಡಿಕೆಗೆ ನಾಲ್ಕೆಳೆ ನೂಲೂ ಸಿಗುವುದಿಲ್ಲ. ಯಂತ್ರ ಅಲ್ಲಿ ಸುಕ್ಕು ಹಾಕಿಯೇ ತೀರುತ್ತದೆ, ಕೈಹೊಲಿಗೆಯೇ ಗತಿ. ಮೊನೆಯಿಂದ ಒಂದು ಬದಿಗೆ ಇಳಿದು, ಮತ್ತೆ ಮೊನೆಯಿಂದಲೇ ಇನ್ನೊಂದು ಬದಿಗೆ.

ನನ್ನ ಮಾದರಿ ಗ್ರೀನ್‌ಲ್ಯಾಂಡಿನ ದಕ್ಷಿಣದಲ್ಲಿ ಮಧ್ಯಯುಗದ ನೋರ್ಸ್ ವಲಸಿಗರ ನೆಲೆಯಾಗಿದ್ದ ಹೆರ್ಯೋಲ್ಫ್ಸ್‌ನೆಸ್‌ನದು. 1921ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞ ಪೌಲ್ ನೋರ್ಲುಂಡ್ ಅಲ್ಲಿನ ಚರ್ಚಿನ ಸ್ಮಶಾನವನ್ನು ಅಗೆಸಿದಾಗ, ಶವಗಳಿಗೆ ಸುತ್ತಿದ್ದ ಉಣ್ಣೆಯ ಉಡುಪುಗಳು ಹೆಪ್ಪುಗಟ್ಟಿದ ಮಣ್ಣಿನಲ್ಲಿ ಉಳಿದುಕೊಂಡಿದ್ದವು. ಈಗ ಅವುಗಳಲ್ಲಿ ಹೆಚ್ಚಿನವು ಇಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ರಾಜರಾಣಿಯರದಲ್ಲ, ಕುರಿ ಸಾಕಿದ ಜನ ತೊಟ್ಟು ಸವೆಸಿದವು. ಅದಕ್ಕೇ ನನಗೆ ಇಷ್ಟ.

ಈ ನಿಲುವಂಗಿಗಳ ಸೊಂಟದಲ್ಲಿ ಹೊಲಿಗೆಯೇ ಇಲ್ಲ. ಭುಜದಿಂದ ಅಂಚಿನವರೆಗೆ ಒಂದೇ ತುಂಡು. ಘೇರು ಬರುವುದೆಲ್ಲ ಕಲಿಗಳಿಂದ. ಸೀರೆಯ ಒಳಲಂಗದ ಲೆಕ್ಕವೇ ಇದು, ನೆರಿಗೆಯ ಗಂಟು ಮಾತ್ರ ಇಲ್ಲ. ಭಾರವೆಲ್ಲ ಭುಜದ ಮೇಲೆ ನಿಲ್ಲುವುದರಿಂದ ಸೊಂಟಕ್ಕೆ ಬಿಗಿತವಿಲ್ಲ, ಕುಳಿತರೂ ಬಗ್ಗಿದರೂ ಉಸಿರು ಕಟ್ಟುವುದಿಲ್ಲ. ಆಯತವೊಂದನ್ನು ಕರ್ಣಕ್ಕೆ ಕತ್ತರಿಸಿದರೆ ಎರಡು ಕಲಿ, ಚೂರು ಬಟ್ಟೆಯೂ ದಂಡವಿಲ್ಲ. ಸಿನಿಮಾಗಳಲ್ಲಿ ಮಧ್ಯಯುಗದ ಹೆಂಗಸರಿಗೆಲ್ಲ ಬೆನ್ನಿಗೆ ದಾರ ಬಿಗಿದು, ಸೊಂಟದಲ್ಲಿ ನೆರಿಗೆ ಹಿಡಿದ ಗೌನು ತೊಡಿಸುವುದನ್ನು ಕಂಡರೆ ಕತ್ತರಿ ಎತ್ತಿಕೊಂಡು ಹೋಗೋಣ ಅನ್ನಿಸುತ್ತದೆ.

ಕಲಿಯ ಓರೆ ಅಂಚನ್ನು ನೇರ ನೂಲಿನ ಅಂಚಿಗೆ ಕೂಡಿಸಬೇಕು. ಓರೆಗೆ ಓರೆ ಸೇರಿಸಿದರೆ ಎರಡೂ ಹಿಗ್ಗಿ ಹೊಲಿಗೆ ಜೋಲುತ್ತದೆ. ಇಷ್ಟು ಮಾಡಿದರೂ ಓರೆಗೆ ಬಂದ ಕಡೆ ಉಣ್ಣೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಹಾಗಾಗಿ ತಕ್ಷಣ ಹೆಮ್ಮಿಂಗ್‌ಗೆ ಕೈ ಹಾಕುವುದಿಲ್ಲ. ಎರಡು ದಿನ ತೂಗುಹಾಕಿ, ಆಮೇಲೆ ನನಗೇ ತೊಡಿಸಿಕೊಂಡು, ನೆಲದಿಂದ ಅಳತೆಪಟ್ಟಿ ಹಿಡಿಸಿ ಸೀಮೆಸುಣ್ಣದ ಗುರುತು ಹಾಕಿಸಿಕೊಳ್ಳುತ್ತೇನೆ. ಗುರುತು ಹಾಕಲು ಯಜಮಾನರೇ ಮಂಡಿಯೂರಬೇಕು. ಈ ಸಲ ಚಹಾದ ಆಮಿಷ ಸಾಲದು ಎಂದಿದ್ದಾರೆ, ಬಿಸಿಬೇಳೆಬಾತ್ ಬೇಕಂತೆ.

ತೋಳು ಇನ್ನೂ ಕತ್ತರಿಸಿಲ್ಲ. ಬದಿಗಳಲ್ಲಿ ಕೈ ತೂರಿಸುವ ಸೀಳು ಬಿಟ್ಟಿದ್ದೇನೆ. ಹೆರ್ಯೋಲ್ಫ್ಸ್‌ನೆಸ್‌ನ ಕೆಲವು ಉಡುಪುಗಳಲ್ಲೂ ಅದಿದೆ. ಒಳಗೆ ನಡುಪಟ್ಟಿಗೆ ಚೀಲ ಕಟ್ಟಿಕೊಂಡರೆ ಮೊಬೈಲಿಗೂ ಜಾಗವಾಯಿತು.